ಪುಣೆಯ ಸುತ್ತಣ ಕಾಡುಜೀವ: ಇಬ್ಬರ ತಿರುಗಾಟಕ್ಕೊಂದು ಕೈಪಿಡಿ

ಕೆಲಸಕ್ಕೆಂದು ಪುಣೆಗೆ ಬಂದು ನೆಲೆಸಿದ ಕನ್ನಡದ ಗಂಡ-ಹೆಂಡತಿಗೆ ಕಾಡು ನೋಡಬೇಕೆನಿಸಿದರೆ ಮೊದಲು ನೆನಪಾಗುವುದು ದಾಂಡೇಲಿ, ಇಲ್ಲವೇ ಕಬಿನಿ. ನಾಲ್ಕು ದಿನದ ರಜೆ ಹೊಂದಿಸಿ, ತಿಂಗಳ ಮೊದಲೇ ರೆಸಾರ್ಟು ಕಾಯ್ದಿರಿಸಿ ಹೊರಡುತ್ತಾರೆ. ಹೋಗಬಾರದೆಂದಲ್ಲ. ಆದರೆ ಹಿಂಜವಡಿ, ಖರಾಡಿ, ಕೋಥರೂಡಿನ ಮನೆಯಿಂದ ನಸುಕಿನಲ್ಲಿ ಬೈಕು ಹತ್ತಿದರೆ ಬಿಸಿಲು ಏರುವ ಮೊದಲೇ ರಾಜಹಂಸಗಳ ಹಿನ್ನೀರನ್ನೋ, ಚಿಂಕಾರ ಮೇಯುವ ಬಯಲನ್ನೋ, ಕೆಂದಳಿಲು ಹಾರುವ ಕಾಡನ್ನೋ ಮುಟ್ಟಬಹುದು. ರಾತ್ರಿಯೂಟಕ್ಕೆ ಮನೆಗೆ ಬರಬಹುದು. ಇಷ್ಟು ವೈವಿಧ್ಯ ಇಷ್ಟು ಹತ್ತಿರ ಇರುವ ದೊಡ್ಡ ನಗರಗಳು ನಮ್ಮ ದೇಶದಲ್ಲಿ ಹೆಚ್ಚಿಲ್ಲ.

ಇದಕ್ಕೆ ಕಾರಣ ಮಳೆ. ನಗರದ ಪಶ್ಚಿಮಕ್ಕಿರುವ ತಾಮ್ಹಿಣಿ ಘಾಟಿನಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ನಗರದಲ್ಲಿ 700ರ ಆಸುಪಾಸು. ಪೂರ್ವಕ್ಕೆ ಬಾರಾಮತಿ, ಇಂದಾಪುರ ತಲುಪುವಷ್ಟರಲ್ಲಿ 500ರ ಹತ್ತಿರಕ್ಕೆ ಇಳಿದಿರುತ್ತದೆ. ಸಹ್ಯಾದ್ರಿ ಮೋಡವನ್ನು ತಡೆದು ನೀರು ಹಿಂಡಿಕೊಂಡ ಮೇಲೆ ಉಳಿದದ್ದಷ್ಟೇ ಪೂರ್ವದ ಪಾಲು. ಹಾಗಾಗಿ ಒಂದೇ ಜಿಲ್ಲೆಯೊಳಗೆ ನಿತ್ಯಹಸಿರು ಕಾಡಿನಿಂದ ಕುರುಚಲು ಹುಲ್ಲುಗಾವಲಿನವರೆಗೆ ಎಲ್ಲವೂ ಇದೆ.

ಹೊರಡುವ ಮೊದಲು ಒಂದು ಸಂಗತಿ ಮನಸ್ಸಿನಲ್ಲಿರಲಿ. ಇಲ್ಲಿನ ಕಾಡುಜೀವಗಳ ಹೆಚ್ಚಿನ ಪಾಲು ಅಭಯಾರಣ್ಯದ ಬೇಲಿಯೊಳಗಿಲ್ಲ. ರಾಜಹಂಸ ಇರುವುದು ಮೀನುಗಾರರು ಬಲೆ ಬೀಸುವ ನೀರಿನಲ್ಲಿ, ತೋಳ ಇರುವುದು ಧನಗರರ ಕುರಿ ಮೇಯುವ ಬಯಲಿನಲ್ಲಿ, ಚಿರತೆ ಇರುವುದು ರೈತನ ಕಬ್ಬಿನಲ್ಲಿ. ನಾವು ಹೋಗುವುದು ಯಾರದೋ ಊರಿಗೆ, ಯಾರದೋ ದುಡಿಮೆಯ ಜಾಗಕ್ಕೆ. ಅವರನ್ನು ಕೇಳಿ, ಅವರ ಜೊತೆ ಹೋಗಿ, ಅವರಿಗೆ ಸಲ್ಲಬೇಕಾದ ಹಣ ಕೊಟ್ಟು ಬಂದರೆ ನೋಡಲು ಸಿಗುವುದೂ ಹೆಚ್ಚು, ಮಾಡುವ ಹಾನಿಯೂ ಕಡಿಮೆ. ಮುಂದೆ ಬರೆದ ಸಲಹೆಗಳೆಲ್ಲ ಈ ತಿಳಿವಳಿಕೆಯ ಮೇಲೆ ನಿಂತಿವೆ.

ಹಿನ್ನೀರಿನ ರಾಜಹಂಸ

ನಾನು ಇಂಡಿ ತಾಲೂಕಿನವಳು, ಭೀಮೆಯ ದಂಡೆಯವಳು. ನಮ್ಮನೆಯವರು ಬೆಂಗಳೂರಿನವರು. ಪುಣೆಯಲ್ಲಿ ನನಗೆ ತವರಿನ ನಂಟು ಸಿಕ್ಕಿದ್ದು ಆ ನದಿಯಿಂದ. ಭೀಮೆ ಹುಟ್ಟುವುದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ನಗರದ ನಡುವೆ ಹರಿಯುವ ಮುಳಾ-ಮುಠಾ ಸೇರುವುದೂ ಅದನ್ನೇ. ಉಜನಿ ಅಣೆಕಟ್ಟು ದಾಟಿ, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಿದು ಕೃಷ್ಣೆಯನ್ನು ಕೂಡುತ್ತದೆ. ಪುಣೆಗೆ ಹೊಸಬರಾಗಿ ಬಂದ ಜೋಡಿಗಳು ಮೊದಲು ಎಲ್ಲಿಗೆ ಹೋಗಬೇಕೆಂದು ಕೇಳಿದರೆ ನಾನು ಹೇಳುವುದು ಈ ನದಿಯ ಹಿನ್ನೀರನ್ನೇ.

ಸೋಲಾಪುರ ಹೆದ್ದಾರಿಯಲ್ಲಿ ಸುಮಾರು 100 ಕಿಲೋಮೀಟರ್ ಹೋದರೆ ಭಿಗವಣ. ಅಲ್ಲಿಂದ ಒಳದಾರಿ ಹಿಡಿದರೆ ಉಜನಿ ಹಿನ್ನೀರಿನ ಕುಂಭಾರಗಾವ್. ಡಿಕ್ಸಳ ಕೂಡ ಹತ್ತಿರದಲ್ಲೇ. 1980ರಲ್ಲಿ ಅಣೆಕಟ್ಟು ಮುಗಿದು ಹೊಲ, ಮನೆ, ಗುಡಿಗಳು ಮುಳುಗಿದ ಸೀಮೆ ಇದು. ನೀರು ತೀರಾ ತಗ್ಗಿದ ವರ್ಷಗಳಲ್ಲಿ ಪಳಸದೇವದ ಹಳೆಯ ಶಿವಾಲಯ ಈಗಲೂ ಮೇಲೆದ್ದು ಕಾಣುತ್ತದೆ. ನೀರೇ ಹೊಲವಾದ ಮೇಲೆ ಮೀನು ಹಿಡಿದು ಬದುಕಿದ ಕುಟುಂಬಗಳ ಯುವಕರು ಇಂದು ಪಕ್ಷಿ ತೋರಿಸುವ ಮಾರ್ಗದರ್ಶಕರಾಗಿದ್ದಾರೆ. ದೋಣಿ ಅವರದು, ಕಣ್ಣೂ ಅವರದು. ನಾವು ದುರ್ಬೀನಿನಲ್ಲಿ ಹುಡುಕುವ ಮೊದಲೇ ಅವರು ಬರಿಗಣ್ಣಿನಿಂದ ಹಕ್ಕಿಯನ್ನು ಗುರುತಿಸಿರುತ್ತಾರೆ.

ನವೆಂಬರಿನಿಂದ ಮಾರ್ಚ್‌ವರೆಗೆ ವಲಸೆ ಹಕ್ಕಿಗಳ ಕಾಲ. ಆದರೆ ರಾಜಹಂಸಕ್ಕಾಗಿಯೇ ಹೋಗುವವರು ಜನವರಿ ದಾಟುವವರೆಗೆ ಕಾಯುವುದು ಒಳ್ಳೆಯದು. ರಾಜಹಂಸ ಕೊಕ್ಕನ್ನು ತಲೆಕೆಳಗು ಮಾಡಿ ಕೆಸರುನೀರನ್ನು ಸೋಸಿ ಪಾಚಿಯನ್ನೂ ಸಣ್ಣ ಜಲಜೀವಿಗಳನ್ನೂ ತಿನ್ನುವ ಹಕ್ಕಿ. ಅದಕ್ಕೆ ಕಾಲೂರಿ ನಿಲ್ಲುವಷ್ಟು ತೆಳು ನೀರು ಬೇಕು. ಮಳೆ ಜೋರಾದ ವರ್ಷ ಜಲಾಶಯ ತುಂಬಿಯೇ ಇರುವುದರಿಂದ ಅವು ತಡವಾಗಿ ಬರುತ್ತವೆ. ನೀರು ಬೇಗ ಇಳಿದ ವರ್ಷ ಬೇಗ ಬರುತ್ತವೆ. ಹೊರಡುವ ಎರಡು ದಿನ ಮೊದಲು ದೋಣಿಯವರಿಗೆ ಫೋನು ಮಾಡಿ ನೀರಿನ ಮಟ್ಟ ಕೇಳಿ. ಹಕ್ಕಿ ಬಂದಿದೆಯೇ ಎಂದಷ್ಟೇ ಕೇಳುವುದಕ್ಕಿಂತ ಇದರಿಂದ ಹೆಚ್ಚು ತಿಳಿಯುತ್ತದೆ.

ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳನ್ನು ಕಂಡವರಿಗೆ ಭಿಗವಣದಲ್ಲೂ ಅವೇ ಹಳೆಯ ಪರಿಚಯದವರಂತೆ ಎದುರಾಗುತ್ತವೆ. ಹಿಮಾಲಯದಾಚೆಯಿಂದ ಬರುವ ಅದೇ ಕುಲ. ಬಣ್ಣದ ಕೊಕ್ಕರೆ, ಮೀನಿಗೆ ಎರಗುವ ಆಸ್ಪ್ರೆ ಹದ್ದು, ನೀರ ಮೇಲೆ ಗುಂಪಾಗಿ ತೇಲುವ ಕಡಲಕ್ಕಿಗಳು, ಎಲ್ಲವೂ ಒಂದೇ ಬೆಳಗಿನಲ್ಲಿ ಸಿಗುತ್ತವೆ. ದೋಣಿಯ ಬಾಡಿಗೆ ಸಾಮಾನ್ಯವಾಗಿ ದೋಣಿಗೆ, ತಲೆಗಲ್ಲ. ಹತ್ತುವ ಮೊದಲೇ ಮಾತಾಡಿಕೊಳ್ಳಿ, ಅತಿಯಾಗಿ ಚೌಕಾಸಿ ಮಾಡಬೇಡಿ. ಅವರಿಗೆ ಇದು ಕೆಲವೇ ತಿಂಗಳ ಸಂಪಾದನೆ. ಮಾತಾಡಿಸುವಾಗ ವಯಸ್ಸು ನೋಡಿ ‘ದಾದಾ’ ಅಥವಾ ‘ಕಾಕಾ’ ಎನ್ನಿ, ಊಟ ಬಡಿಸುವ ಹೆಂಗಸರಿಗೆ ‘ತಾಯಿ’ ಅಥವಾ ‘ಮಾವಶಿ’. ತಪ್ಪು ಮರಾಠಿಯಾದರೂ ಆದೀತು, ಬಾಗಿಲು ತೆರೆಯುತ್ತದೆ. ನೀರಿನಿಂದ ಬಂದ ಮೇಲೆ ಅವರ ಮನೆಯಲ್ಲೇ ಭಾಕರಿ, ಮೀನಿನ ಸಾರು ಸಿಗುತ್ತದೆ, ಶಾಕಾಹಾರಿಗಳಿಗೆ ಪಿಠಲ. ಮೊದಲೇ ಹೇಳಿಟ್ಟಿರಬೇಕು.

ಇಲ್ಲಿ ಒಂದು ವಿಷಯದಲ್ಲಿ ಗಟ್ಟಿಯಾಗಿರಿ. ಹಾರುವ ರಾಜಹಂಸಗಳ ಕೆಂಪು ರೆಕ್ಕೆಯ ಫೋಟೋ ಬೇಕೆಂದು ದೋಣಿಯನ್ನು ಗುಂಪಿನೊಳಗೆ ನುಗ್ಗಿಸುವಂತೆ ಕೆಲವರು ಒತ್ತಾಯಿಸುತ್ತಾರೆ. ಹಕ್ಕಿ ತಿನ್ನುವುದನ್ನು ಬಿಟ್ಟು ಮತ್ತೆಮತ್ತೆ ಎದ್ದರೆ ದೂರದ ಪ್ರಯಾಣಕ್ಕೆ ಕೂಡಿಟ್ಟ ಕೊಬ್ಬು ಕರಗುತ್ತದೆ. “ಹತ್ತಿರ ಹೋಗುವುದು ಬೇಡ ದಾದಾ, ದೂರದಿಂದಲೇ ನೋಡುತ್ತೇವೆ” ಎಂದು ನೀವೇ ಮೊದಲು ಹೇಳಿಬಿಡಿ. ಗಿರಾಕಿಗೆ ಬೇಸರವಾದೀತೆಂದು ಹತ್ತಿರ ಒಯ್ಯುವ ದೋಣಿಯವರಿಗೂ ನೆಮ್ಮದಿಯಾಗುತ್ತದೆ. ಎಂಜಿನು ನಿಲ್ಲಿಸಿ ಸುಮ್ಮನೆ ಕುಳಿತರೆ ಹಕ್ಕಿಗಳು ತಾವಾಗಿಯೇ ಮೇಯುತ್ತ ಹತ್ತಿರ ಸರಿಯುವುದುಂಟು.

ಬಂಜರೆಂದು ಕರೆಸಿಕೊಂಡ ಬಯಲು

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಈ ಭಾಗ. ಬಹುಪಾಲು ಜನ ನೋಡದೆ ದಾಟಿಹೋಗುವುದೂ ಇದನ್ನೇ. ಸಾಸವಡ, ಜೇಜುರಿ, ಸುಪೆ, ಇಂದಾಪುರದ ಕಡೆಯ ಏರಿಳಿತದ ಒಣ ನೆಲವನ್ನು ಇಲ್ಲಿನವರು ‘ಮಾಳರಾನ’ ಎನ್ನುತ್ತಾರೆ. ಚಿತ್ರದುರ್ಗ, ತುಮಕೂರಿನ ಅಮೃತಮಹಲ್ ಕಾವಲುಗಳನ್ನು ಕಂಡವರಿಗೆ ಈ ನೆಲದ ಚಹರೆ ಕೂಡಲೇ ಗುರುತಾಗುತ್ತದೆ. ಬ್ರಿಟಿಷರ ಕಾಲದ ಕಂದಾಯ ದಾಖಲೆಗಳು ಇಂಥ ಬಯಲನ್ನು ಬಂಜರು ಎಂದು ಬರೆದವು. ಅದೇ ಕಾರಣಕ್ಕೆ ಇಂದಿಗೂ ಇಲ್ಲಿ ಗಿಡ ನೆಡುವುದನ್ನು ಪುಣ್ಯದ ಕೆಲಸ ಎಂದುಕೊಂಡವರಿದ್ದಾರೆ. ಹುಲ್ಲುಗಾವಲಿನ ಮೇಲೆ ಮರ ನೆಟ್ಟರೆ ಅಲ್ಲಿನ ಜೀವಗಳ ಮನೆ ಹೋಗುತ್ತದೆ. ನಿಮ್ಮ ಕಂಪನಿಯವರು ಇಂಥ ಕಡೆ ಸಸಿ ನೆಡಲು ಬಸ್ಸು ಹೊರಡಿಸಿದರೆ, ಆ ಜಾಗ ಮೊದಲಿನಿಂದ ಹುಲ್ಲುಗಾವಲೇ ಎಂದು ದಯವಿಟ್ಟು ಕೇಳಿ.

ಮೊದಲ ಭೇಟಿಗೆ ಸುಲಭವಾದದ್ದು ಬಾರಾಮತಿ ತಾಲೂಕಿನ ಸುಪೆ ಹತ್ತಿರದ ಮಯೂರೇಶ್ವರ ವನ್ಯಧಾಮ. 1997ರಲ್ಲಿ ಘೋಷಣೆಯಾದ ಇದರ ವಿಸ್ತಾರ ಐದು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅಷ್ಟು ಚಿಕ್ಕ ಜಾಗದಲ್ಲಿ ಚಿಂಕಾರಗಳು ಹಗಲಲ್ಲೇ ಕಾಣಸಿಗುತ್ತವೆ. ಮರಳು ಬಣ್ಣದ ಮೈ, ಕಣ್ಣಿನಿಂದ ಮೂತಿಯವರೆಗೆ ಇಳಿದ ಕಪ್ಪು ಗೆರೆ, ಸದಾ ಅಲ್ಲಾಡುವ ಕಪ್ಪು ಬಾಲ. ನೀರು ಸಿಗದಿದ್ದರೂ ಎಲೆ, ಹಣ್ಣುಗಳ ತೇವದಲ್ಲೇ ಬಹಳ ದಿನ ಕಳೆಯುವ ಪ್ರಾಣಿ. ನಮ್ಮ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರಧಾಮವೂ ಇಂಥದೇ ಒಣಸೀಮೆ. ಕೃಷ್ಣಮೃಗ ಬೇಕಿದ್ದರೆ ಇನ್ನಷ್ಟು ಪೂರ್ವಕ್ಕೆ, ಅಹಿಲ್ಯಾನಗರ ಜಿಲ್ಲೆಯ ಕರ್ಜತ್ ತಾಲೂಕಿನ ರೆಹೆಕುರಿಗೆ ಹೋಗಬೇಕು.

ತೋಳ, ನರಿ, ಕತ್ತೆಕಿರುಬಗಳ ಸೀಮೆ ಇಂದಾಪುರ ತಾಲೂಕಿನ ಕಡಬನವಾಡಿ ಮತ್ತು ಬಾರಾಮತಿ ಕಡೆಯ ಶಿರಸುಫಳ. ಅರಣ್ಯ ಇಲಾಖೆ ಈ ಎರಡೂ ಕಡೆ ಹುಲ್ಲುಗಾವಲು ಸಫಾರಿ ನಡೆಸುತ್ತಿದೆ. ಮೊದಲೇ ಆನ್‌ಲೈನಿನಲ್ಲಿ ಕಾಯ್ದಿರಿಸಿ, ಊರಿನ ಮಾರ್ಗದರ್ಶಕರೊಂದಿಗೆ ನಿಗದಿಯಾದ ದಾರಿಯಲ್ಲೇ ಹೋಗಬೇಕು. ಇದನ್ನು ತಪ್ಪಿಸಿ ತಾವೇ ಜೀಪು ತೆಗೆದುಕೊಂಡು ಬಯಲಿಗಿಳಿಯುವವರಿದ್ದಾರೆ. ನೆಲಗುಬ್ಬಿ, ಗೌಜಲಕ್ಕಿ, ಟಿಟ್ಟಿಭಗಳು ಗೂಡು ಮಾಡುವುದು ಬರಿನೆಲದಲ್ಲಿ. ಮೊಟ್ಟೆಯ ಬಣ್ಣ ಕಲ್ಲಿನದೇ. ಚಕ್ರದ ಕೆಳಗೆ ಏನು ಹೋಯಿತೆಂದು ಓಡಿಸುವವರಿಗೆ ತಿಳಿಯುವುದೂ ಇಲ್ಲ.

ತೋಳ ಕಾಣುವುದು ಅದೃಷ್ಟ. ಬೆಳಗಿನ ಮೊದಲ ತಾಸು ಅಥವಾ ಸಂಜೆಯ ಕೊನೆಯ ತಾಸು, ಕುರಿಹಿಂಡು ಹಾದುಹೋದ ಸ್ವಲ್ಪ ಹೊತ್ತಿನ ಮೇಲೆ ಹಿಂಡಿನ ಹಿಂದಿನ ದಿಬ್ಬದ ಮೇಲೆ ಕಣ್ಣಿಡಿ. ತೋಳಕ್ಕೆ ಹುಲಿಯಷ್ಟೇ ಕಾನೂನಿನ ರಕ್ಷಣೆಯಿದೆ, 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲೇ ಅದರ ಹೆಸರಿದೆ. ಅದಕ್ಕಿಂತ ದೊಡ್ಡ ರಕ್ಷಣೆ ಸಿಕ್ಕಿರುವುದು ಧನಗರರ ತಾಳ್ಮೆಯಿಂದ. ಆಗಾಗ ಕುರಿ ಕಳೆದುಕೊಂಡರೂ ತೋಳವನ್ನು ಬಯಲಿನ ಪಾಲುದಾರನೆಂದೇ ಕಾಣುವ ಕುರಿಗಾಹಿಗಳು ಇನ್ನೂ ಇದ್ದಾರೆ. ಅವರ ಖಂಡೋಬ ನಮ್ಮ ಮೈಲಾರಲಿಂಗನೇ. ಜೇಜುರಿಗೆ ನಡೆದುಕೊಳ್ಳುವ ಉತ್ತರ ಕರ್ನಾಟಕದ ಮನೆತನಗಳು ಎಷ್ಟೋ. ಬೈಕು ನಿಲ್ಲಿಸಿ ಕುರಿಗಾಹಿಗೆ ನಮಸ್ಕಾರ ಹೇಳಿ, ಎಲ್ಲಿಂದ ಬಂದೆವೆಂದು ತಿಳಿಸಿ ಕುಳಿತರೆ ಮಾತು ತಾನೇ ಹರಿಯುತ್ತದೆ. ನಾಯಿಗಳು ಬಳಿ ಬಂದರೆ ಓಡಬೇಡಿ, ಅವುಗಳ ಯಜಮಾನ ಕರೆಯುವವರೆಗೆ ನಿಂತಲ್ಲೇ ನಿಲ್ಲಿ. ತೋಳದ ಮರಿಗಳಿರುವ ಗುಹೆ ಕಂಡರೆ ಅಲ್ಲಿ ನಿಲ್ಲದೆ ಹಿಂದೆ ಸರಿಯಬೇಕು, ಜಾಗವನ್ನು ಯಾರಿಗೂ ಹೇಳಬಾರದು.

ಜೇಜುರಿ ಇರುವ ಪುರಂದರ ತಾಲೂಕಿನ ಪಿಂಗೋರಿ ಎಂಬ ಹಳ್ಳಿಯಲ್ಲಿ ಇಳಾ ಫೌಂಡೇಶನ್ 2018ರಿಂದ ಗೂಬೆ ಹಬ್ಬ ನಡೆಸಿಕೊಂಡು ಬಂದಿದೆ. ಗೂಬೆ ಅಪಶಕುನವೆಂಬ ನಂಬಿಕೆಯನ್ನು ಮಕ್ಕಳ ಚಿತ್ರ, ನಾಟಕ, ಹಾಡುಗಳಿಂದ ಕರಗಿಸುವ ಕೆಲಸ. ನಮ್ಮ ಕಡೆಯ ಹಳ್ಳಿಗಳಿಗೂ ಇಂಥದ್ದು ಬೇಕು.

ಕೆಂದಳಿಲು, ಮಿಂಚುಹುಳು

ಭೀಮಾಶಂಕರ ವನ್ಯಧಾಮ 1985ರಲ್ಲಿ ಆದದ್ದು, ವಿಸ್ತಾರ ಸುಮಾರು 130 ಚದರ ಕಿಲೋಮೀಟರು. ಇಲ್ಲಿನ ಕೆಂದಳಿಲನ್ನು ಮರಾಠಿಯಲ್ಲಿ ‘ಶೇಕರು’ ಎನ್ನುತ್ತಾರೆ, ಅದು ಮಹಾರಾಷ್ಟ್ರದ ರಾಜ್ಯಪ್ರಾಣಿ. ಜ್ಯೋತಿರ್ಲಿಂಗದ ದರ್ಶನಕ್ಕೆ ಬಂದವರು ಸದ್ದು ಮಾಡುತ್ತ ಇಳಿದು ಹೋಗುವ ದಾರಿಯ ಮೇಲೆಯೇ, ಮರದ ನೆತ್ತಿಯಲ್ಲಿ ಅದು ಕಾಯಿ ಬಿಡಿಸುತ್ತ ಕುಳಿತಿರುತ್ತದೆ. ಕೊಂಬೆಗಳ ಕವಲಿನಲ್ಲಿ ಎಲೆ, ಕಡ್ಡಿಯ ದೊಡ್ಡ ಗೂಡು ಕಂಡರೆ ಆ ಮರದ ಸುತ್ತ ಅರ್ಧ ತಾಸು ಕಾಯಿರಿ. ಶ್ರಾವಣ ಮತ್ತು ಶಿವರಾತ್ರಿಯ ಜನಸಂದಣಿ ಬಿಟ್ಟು ಚಳಿಗಾಲದ ವಾರದ ನಡುವಿನ ದಿನ ಆರಿಸಿಕೊಳ್ಳಿ.

ಈ ಕಾಡು ಉಳಿದಿರುವುದರಲ್ಲಿ ದೇವರಕಾಡುಗಳ ಪಾಲು ದೊಡ್ಡದು. ಇಲ್ಲಿ ಅವಕ್ಕೆ ‘ದೇವರಾಯಿ’ ಎನ್ನುತ್ತಾರೆ, ಅಹುಪೆಯದು ಹೆಸರಾದದ್ದು. ಪುಣೆಯವರಾದ ಮಾಧವ ಗಾಡ್ಗೀಳರು ಇಲ್ಲಿನ ಸಸ್ಯವಿಜ್ಞಾನಿ ವಿ.ಡಿ. ವರ್ತಕರ ಜೊತೆ 1970ರ ದಶಕದಲ್ಲಿ ಪಶ್ಚಿಮಘಟ್ಟದ ದೇವರಕಾಡುಗಳನ್ನು ಅಧ್ಯಯನ ಮಾಡಿ ಬರೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಅದೇ ಗಾಡ್ಗೀಳರನ್ನು ಕನ್ನಡಿಗರು ಚೆನ್ನಾಗಿ ಬಲ್ಲರು. ದೇವರಾಯಿಯೊಳಗೆ ಚಪ್ಪಲಿ ಬಿಡಿ, ಬಿದ್ದ ಕಡ್ಡಿಯನ್ನೂ ಎತ್ತಬೇಡಿ. ಊರವರ ಕಟ್ಟಳೆ ಹಾಗಿದೆ.

ಮಿಂಚುಹುಳುಗಳ ಕಾಲ ಮೇ ಕೊನೆಯಿಂದ ಜೂನ್ ನಡುವಿನವರೆಗೆ, ಮುಂಗಾರು ಕಾಲಿಡುವ ಮೊದಲು. ಲೋಣಾವಳಾವರೆಗೆ ಲೋಕಲ್ ರೈಲು ಹಿಡಿದು, ಅಲ್ಲಿಂದ 15 ಕಿಲೋಮೀಟರಿನಷ್ಟು ಸಮತಟ್ಟಾದ ದಾರಿಯಲ್ಲಿ ನಡೆದರೆ ರಾಜಮಾಚಿಯ ಉಧೇವಾಡಿ. ಅಲ್ಲಿನ ಮನೆಗಳಲ್ಲಿ ಊಟ, ವಸತಿ ಇದೆ. ಹುಳುಗಳು ಮಿನುಗುವುದು ಸಂಗಾತಿಯನ್ನು ಕರೆಯಲು. ಟಾರ್ಚು, ಕಾರಿನ ದೀಪ, ಫ್ಲಾಷು ಬಿದ್ದರೆ ಕರೆ ಅಲ್ಲಿಗೇ ಮುರಿಯುತ್ತದೆ, ಮುಂದಿನ ವರ್ಷದ ಹುಳುಗಳೇ ಕಡಿಮೆಯಾಗುತ್ತವೆ. ಟಾರ್ಚಿಗೆ ಕೆಂಪು ಕಾಗದ ಸುತ್ತಿ ನೆಲಕ್ಕೆ ಹಿಡಿದು ನಡೆಯಿರಿ. ಶನಿವಾರ ರಾತ್ರಿಯ ಜಾತ್ರೆಗಿಂತ ಮಂಗಳವಾರಕ್ಕೊಂದು ರಜೆ ಹಾಕುವುದು ಎಷ್ಟೋ ಮೇಲು.

ಚಿರತೆಯ ಸೀಮೆ

ಜುನ್ನರ, ಆಂಬೇಗಾವ್, ಖೇಡ, ಶಿರೂರು ತಾಲೂಕುಗಳಿಗೆ ಕುಕಡಿಯಂಥ ನೀರಾವರಿ ಯೋಜನೆಗಳ ನೀರು ಬಂದ ಮೇಲೆ ಕಬ್ಬು ಬಂತು, ಕಬ್ಬಿನ ಮರೆಯಲ್ಲಿ ಚಿರತೆ ಬಂತು. ಅಲ್ಲಿಯೇ ಮರಿ ಹಾಕಿ ಅಲ್ಲಿಯೇ ಬೆಳೆದ ಪೀಳಿಗೆಗಳಿವು. ಮಾಣಿಕಡೋಹದಲ್ಲಿ ಅರಣ್ಯ ಇಲಾಖೆ ಮತ್ತು ವೈಲ್ಡ್‌ಲೈಫ್ ಎಸ್‌ಒಎಸ್ ಸೇರಿ ಚಿರತೆಗಳ ರಕ್ಷಣಾ ಕೇಂದ್ರ ನಡೆಸುತ್ತವೆ. ಕಬ್ಬು ಕಡಿಯುವಾಗ ಸಿಕ್ಕ ಮರಿಗಳನ್ನು ತಾಯಿಯ ಬಳಿ ಸೇರಿಸುವ ಅವರ ಕೆಲಸ ದೊಡ್ಡದು.

ಚಿರತೆ ನೋಡಲೆಂದು ಈ ಊರುಗಳಿಗೆ ಹೋಗಬೇಡಿ. 2025ರ ಅಕ್ಟೋಬರ್-ನವೆಂಬರಿನಲ್ಲಿ ಶಿರೂರು ತಾಲೂಕಿನ ಪಿಂಪರಖೇಡದಲ್ಲಿ ಮಕ್ಕಳೂ ಚಿರತೆಗೆ ಬಲಿಯಾದರು. ಮಕ್ಕಳನ್ನು ಕಳೆದುಕೊಂಡ ಊರಿನಲ್ಲಿ ಕ್ಯಾಮೆರಾ ಹಿಡಿದು ತಿರುಗುವುದು ಸಲ್ಲದು. ಶಿವನೇರಿ ಕೋಟೆ, ನಾಣೇಘಾಟ್ ಎಂದು ಆ ಕಡೆ ಹೋಗಿ ತಂಗುವವರು ಪಾಲಿಸಬೇಕಾದದ್ದು ಇಷ್ಟು: ಕತ್ತಲಾದ ಮೇಲೆ ಕಬ್ಬಿನ ಬದುವಿನಲ್ಲಿ ನಡೆಯಬೇಡಿ, ನಡೆಯಲೇಬೇಕಾದರೆ ಇಬ್ಬರೂ ಜೊತೆಯಾಗಿ ಟಾರ್ಚು ಹಿಡಿದು, ಗಟ್ಟಿಯಾಗಿ ಮಾತಾಡುತ್ತ ಹೋಗಿ. ಹೊಲದಂಚಿನಲ್ಲಿ ಬಗ್ಗಿ ಕೂರಬೇಡಿ. ಚಿರತೆ ಎದುರಾದರೆ ಓಡದೆ, ಬೆನ್ನು ತೋರಿಸದೆ, ಕೈ ಮೇಲೆತ್ತಿ ಕೂಗುತ್ತ ಹಿಂದೆ ಸರಿಯಿರಿ. ಮರಿ ಕಂಡರೆ ಮುಟ್ಟಬೇಡಿ. ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926.

ವಾರದ ದಿನಗಳಿಗೆ, ಚೀಲಕ್ಕೆ

ವಾರವಿಡೀ ಕಾಯಬೇಕಿಲ್ಲ. ವೇತಾಳ ಟೇಕಡಿ, ತಳಜಾಯಿ, ಪಾಷಾಣ ಕೆರೆಗೆ ಆಫೀಸಿಗೆ ಮುಂಚೆಯೇ ಹೋಗಿ ಬರಬಹುದು. ನವಿಲು ಕೂಗುವ ವೇತಾಳ ಟೇಕಡಿಯನ್ನು ರಸ್ತೆ, ಸುರಂಗಗಳಿಂದ ಉಳಿಸಲು ಪುಣೆಯ ನಾಗರಿಕರು 2023ರಲ್ಲಿ ಬೀದಿಗಿಳಿದರು. ಅಲ್ಲಿ ನಡೆಯುವ ನಾವೂ ಆ ಕೆಲಸದಲ್ಲಿ ಪಾಲು ತೆಗೆದುಕೊಳ್ಳಬೇಕು. ಸಿಂಹಗಡಕ್ಕೆ ಎಲ್ಲರೂ ಹೋಗುತ್ತಾರೆ. ಆದರೆ ಬೇಸಿಗೆಯಲ್ಲಿ ಬುಡದ ಕಣಿವೆಯಲ್ಲೇ ನಿಂತರೆ ನೀರಿಗಿಳಿಯುವ ಬಾಲದಂಡೆಯ ಉದ್ದನೆಯ ಬಿಳಿ ಬಾಲ ನೋಡಲು ಸಿಗುತ್ತದೆ. ಇಡೀ ದಿನದ ಬಿಡುವಿದ್ದರೆ ಕಾಸ್ ಪ್ರಸ್ಥಭೂಮಿಗೂ ಹೋಗಬಹುದು; ಅಲ್ಲಿನ ಹೂಗಳಿಗೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಸಮಯ, ಮೊದಲೇ ಕಾಯ್ದಿರಿಸಬೇಕು.

ಇಬ್ಬರಿಗೂ ಒಂದೊಂದು ದುರ್ಬೀನು ಇರಲಿ. ಒಂದು ದುಬಾರಿಯದಕ್ಕಿಂತ ಎರಡು ಸಾಧಾರಣದ್ದು ಒಳ್ಳೆಯದು, ಹಕ್ಕಿ ಕುಳಿತ ಆ ಕ್ಷಣದಲ್ಲಿ ಕೈ ಬದಲಿಸುವ ಹೊತ್ತಿರುವುದಿಲ್ಲ. 8×42 ಅಳತೆಯದರಲ್ಲಿ ಕೈ ನಡುಗಿದರೂ ಚಿತ್ರ ಅಲುಗುವುದು ಕಡಿಮೆ. ತೇಜಸ್ವಿಯವರ ‘ಹಕ್ಕಿಪುಕ್ಕ’ ಚೀಲದಲ್ಲಿದ್ದರೆ ಇಲ್ಲಿ ಕಾಣುವ ಎಷ್ಟೋ ಹಕ್ಕಿಗಳಿಗೆ ಕನ್ನಡದ ಹೆಸರು ಸಿಗುತ್ತದೆ. ಒಬ್ಬರಿಗೆ ಹಕ್ಕಿ, ಇನ್ನೊಬ್ಬರಿಗೆ ಕೋಟೆ ಇಷ್ಟವಾದರೆ ಬೆಳಗು ಹಕ್ಕಿಗೆ, ಹಗಲು ಕೋಟೆಗೆ ಎಂದು ಹಂಚಿಕೊಳ್ಳಿ. ನಮ್ಮ ಮನೆಯಲ್ಲಿ ಹಾಗೆಯೇ ನಡೆಯುತ್ತಿದೆ.

ಕೋಟೆಗಳ ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಸುಗಂಧ ಹಚ್ಚಿಕೊಂಡು ಹೋಗಬೇಡಿ, ಹೊಗೆ ಹಾಕಬೇಡಿ. ಎದ್ದರೆ ಕೈ ಬೀಸದೆ ಮುಖ, ತಲೆ ಮುಚ್ಚಿಕೊಂಡು ಬೇಗ ದೂರ ಸರಿಯಿರಿ. ಒಣ ಕಲ್ಲುನೆಲದಲ್ಲಿ ಗರಗಸ ಮಂಡಲದ ಹಾವು ಸಾಮಾನ್ಯ, ಬರಿಗೈಯಲ್ಲಿ ಕಲ್ಲೆತ್ತಬೇಡಿ, ಕಣಕಾಲು ಮುಚ್ಚುವ ಬೂಟು ಹಾಕಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಬೇಡ. ಕೈಕಾಲು ಅಲುಗದಂತೆ ಇಟ್ಟು 108ಕ್ಕೆ ಫೋನು ಮಾಡಿ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಹೋಗಿ.

ಮಳೆಗಾಲದ ನೀರು ಇವೆರಡಕ್ಕಿಂತ ಅಪಾಯ. 2024ರ ಜೂನ್ 30ರಂದು ಲೋಣಾವಳಾದ ಭುಶಿ ಅಣೆಕಟ್ಟಿನ ಬಳಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. 2025ರ ಜೂನ್ 15ರಂದು ತಳೇಗಾವ್ ಹತ್ತಿರದ ಕುಂಡಮಳಾದಲ್ಲಿ ಇಂದ್ರಾಯಣಿಯ ಹಳೆಯ ಕಬ್ಬಿಣದ ಸೇತುವೆ ಜನರ ಭಾರಕ್ಕೆ ಕುಸಿದು ನಾಲ್ವರು ತೀರಿಕೊಂಡರು. ಘಟ್ಟದ ಮೇಲೆ ಸುರಿದ ಮಳೆ ಕೆಳಗಿನ ಹಳ್ಳಕ್ಕೆ ನಿಮಿಷಗಳಲ್ಲಿ ಬಂದಿಳಿಯುತ್ತದೆ, ನಾವು ನಿಂತಲ್ಲಿ ಬಿಸಿಲಿದ್ದರೂ. ಜಿಲ್ಲಾಡಳಿತ ಜೂನಿನಿಂದ ಹಲವು ತಾಣಗಳಿಗೆ ನಿಷೇಧಾಜ್ಞೆ ಹಾಕುತ್ತದೆ. ಹೊರಡುವ ಹಿಂದಿನ ದಿನ ಆ ಪಟ್ಟಿ ನೋಡಿಕೊಳ್ಳಿ. ನಿಷೇಧವಿಲ್ಲದ ಕಡೆಯೂ ಹಳ್ಳ ದಾಟಬಹುದೇ ಎಂದು ಊರವರನ್ನು ಕೇಳಿ, ಅವರು ಬೇಡವೆಂದರೆ ಅಲ್ಲಿಂದಲೇ ಹಿಂತಿರುಗಿ.